ತಾಕ್ ಸೊಂಗಿಲನಿಗೆ ಬಂದ ಸೌಜನ್ಯ ಪ್ರಶಸ್ತಿ

ಬಂದರಿನ ಊರಿನ ಆ ಕಾಲೇಜಿನಲ್ಲಿ ಪ್ರತಿ ಸೆಮಿಸ್ಟರಿನ ಕೊನೆಗೆ ಸಿಬ್ಬಂದಿಯಲ್ಲೊಬ್ಬರಿಗೆ ಸೌಜನ್ಯ ಪ್ರಶಸ್ತಿ ಕೊಡುವ ರೂಢಿ ಇತ್ತು. ವಿದ್ಯಾರ್ಥಿಗಳೋ ಹೊರಗಿನಿಂದ ಬಂದವರೋ ಯಾರನ್ನಾದರೂ ಮೆಚ್ಚಿ ಹೇಳಿದರೆ ಆ ಹೆಸರು ಪ್ರಿನ್ಸಿಪಾಲರ ತನಕ ಹೋಗುತ್ತಿತ್ತು. ಈ ಸಲ ತಾಕ್ ಸೊಂಗಿಲನ ಹೆಸರು ಬಂದಾಗ ಅವನು ಕೆಲಸ ಮಾಡುವ ವಿದ್ಯಾರ್ಥಿ ಸೇವಾ ವಿಭಾಗದಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು.

“ಏನ್ ಸರ್, ಯಾರಿಗೂ ಗೊತ್ತಾಗದ ಹಾಗೆ ಒಳ್ಳೆಯವರಾಗ್ಬಿಟ್ರಾ?” ಎಂದು ಪಕ್ಕದ ಮೇಜಿನ ಮ್ಯೊಂಗ್ ಕಿಚಾಯಿಸಿದ.

ಸೊಂಗಿಲ್ ನಕ್ಕ. ವಿದ್ಯಾರ್ಥಿಗಳು ತನ್ನನ್ನು ಬೆನ್ನ ಹಿಂದೆ ‘ಪರದೆ ಸಾಹೇಬ್ರು’ ಅನ್ನುತ್ತಾರೆಂದು ಅವನಿಗೆ ಗೊತ್ತಿತ್ತು. ಊಟದ ಹೊತ್ತಾಯಿತೆಂದರೆ ಎದುರಿಗೆ ಯಾರೇ ನಿಂತಿರಲಿ, ಕೌಂಟರಿನ ಕಿಟಕಿಯ ಪರದೆ ಎಳೆದುಬಿಡುವವನು ಅವನು. ಈಗ ಯಾರೋ ದ್ವೀಪದ ಅಜ್ಜಿ ಫೋನ್ ಮಾಡಿ ಅವನ ಉಪಕಾರವನ್ನು ಕೊಂಡಾಡಿದಳಂತೆ. ಫೋನ್ ತೆಗೆದವರು ಹೆಸರನ್ನಷ್ಟೇ ಕೇಳಿ ಇಟ್ಟುಕೊಂಡಿದ್ದರು. ಎಷ್ಟು ಯೋಚಿಸಿದರೂ ಅವನಿಗೆ ಅಂಥದ್ದೇನೂ ನೆನಪಾಗಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಗೊತ್ತಿಲ್ಲದೆ ಯಾರಿಗೋ ಒಳ್ಳೆಯದು ಮಾಡಿರಬಹುದು, ಮಾಡಿ ಮರೆತಿರಬಹುದು ಅಂದುಕೊಂಡ. ಹಾಗೆ ಅಂದುಕೊಳ್ಳುವುದು ಹಿತವಾಗಿಯೂ ಇತ್ತು. ಮನೆಯಲ್ಲಿ ಹೇಳಿದಾಗ ಹೆಂಡತಿ, “ನಿಮಗಾ?” ಎಂದು ಎರಡು ಸಲ ಕೇಳಿದಳು.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ಪ್ರಶಸ್ತಿಯ ಜೊತೆ ಹೂಗುಚ್ಛ ಕೊಡುವುದಕ್ಕೆ ಆ ಅಜ್ಜಿಯನ್ನೇ ಕರೆಸಿದ್ದರು. ಹೆಸರು ಪ್ಯೊನ್ ಮಲ್ಸುನ್. ನೇರಳೆ ಬಣ್ಣದ ಹತ್ತಿ ತುಂಬಿದ ಅಂಗಿ ತೊಟ್ಟು, ಕಂಕುಳಲ್ಲಿ ಬಟ್ಟೆ ಸುತ್ತಿದ ಪೆಟ್ಟಿಗೆಯೊಂದನ್ನು ಅವುಚಿಕೊಂಡು ಅವಳು ಮೆಟ್ಟಿಲು ಹತ್ತಿ ಬಂದಳು.

ಆ ನೇರಳೆ ಅಂಗಿಯನ್ನು ಕಂಡದ್ದೇ ಸೊಂಗಿಲನಿಗೆ ಎಲ್ಲ ನೆನಪಾಯಿತು.

ಇಲ್ಲಿ ಓದುತ್ತಿದ್ದ ಮೊಮ್ಮಗ ಸೈನ್ಯ ಸೇರಿದ್ದಾನೆ, ಕಾಲೇಜಿಗೆ ಅವನ ರಜೆಯ ಅರ್ಜಿ ಕೊಡುವುದಕ್ಕೆ ಇವತ್ತೇ ಕೊನೆ ಎಂದು ವಸಂತದಲ್ಲಿ ಬಂದವಳು ಇವಳೇ. “ಊಟದ ಹೊತ್ತು. ಒಂದು ಗಂಟೆಗೆ ಬನ್ನಿ. ಪ್ರೊಫೆಸರ್ ಮೊಹರೂ ಇಲ್ವಲ್ಲ ಇದಕ್ಕೆ,” ಅಂದಿದ್ದ ಸೊಂಗಿಲ್, ತಲೆ ಎತ್ತದೆ. “ಹಡಗು ತಪ್ಪೋಗತ್ತೆ ಕಣಪ್ಪಾ, ಇವತ್ತಿಗೆ ಇನ್ನೊಂದಿಲ್ಲ,” ಅಂದಿದ್ದಳು ಅವಳು. ಅವನು ಪರದೆ ಎಳೆದಿದ್ದ. ಆಗ ಪಕ್ಕದಲ್ಲಿ ಕೂತಿದ್ದ ಬೊಂಗ್ ಹೇರಿನ್ ತಾನು ತಿನ್ನುತ್ತಿದ್ದ ಕಿಂಬಾಪ್ ಅನ್ನದ ಸುರುಳಿಯನ್ನು ಹಾಗೇ ಮುಚ್ಚಿಟ್ಟು ಅಜ್ಜಿಯ ಹಿಂದೆ ಎದ್ದು ಹೋಗಿದ್ದಳು. ಮತ್ತೆ ಬಂದದ್ದು ಊಟದ ಹೊತ್ತು ಮುಗಿದು ಎಷ್ಟೋ ಆದಮೇಲೆ, ಬೆವರಿಕೊಂಡು. ಗುತ್ತಿಗೆಯ ಹುಡುಗಿಯಾದ್ದರಿಂದ ಅವಳಿಗೆ ಹೆಸರಿನ ಫಲಕ ಇರಲಿಲ್ಲ. ಆ ಕಿಟಕಿಗೆ ಇದ್ದದ್ದು ಒಂದೇ ಫಲಕ, ತಾಕ್ ಸೊಂಗಿಲನದು; ಅಜ್ಜಿ ಫೋನಿನಲ್ಲಿ ಹೇಳಿದ್ದು ಆ ಹೆಸರನ್ನೇ.

ವೇದಿಕೆಯ ಮೇಲೆ ಅಜ್ಜಿ ಅವನ ಮುಖ ನೋಡಿದಳು. ಅವನ ಹಿಂದೆ ನೋಡಿದಳು, ಅಕ್ಕಪಕ್ಕ ನೋಡಿದಳು.

“ಆ ಹುಡುಗಿ ಎಲ್ಲಿ?” ಎಂದು ಮೆಲ್ಲಗೆ ಕೇಳಿದಳು.

ಸೊಂಗಿಲ್ ಆಚೆ ನೋಡಿದ. ಪ್ರಿನ್ಸಿಪಾಲರು ನಗುತ್ತ ಕಾಯುತ್ತಿದ್ದರು, ಫೋಟೊ ತೆಗೆಯುವವನು ಕೈ ಆಡಿಸುತ್ತಿದ್ದ. ಅಜ್ಜಿ ಇನ್ನೊಮ್ಮೆ ಅವನನ್ನು ನೋಡಿ, ಹೂಗುಚ್ಛವನ್ನು ಅವನ ಕೈಗಿಟ್ಟಳು. ಸಭೆಯ ಕಡೆ ತಿರುಗಿ, “ಈ ಕಾಲೇಜಿನವರಿಂದ ನನಗೆ ದೊಡ್ಡ ಉಪಕಾರ ಆಯ್ತು,” ಎಂದು ಬಾಗಿ ನಮಸ್ಕರಿಸಿದಳು. ಅವನ ಹೆಸರು ಹೇಳಲಿಲ್ಲ. ಚಪ್ಪಾಳೆ ಬಿತ್ತು.

ಚಹಾದ ಹೊತ್ತಿಗೆ ಅವನು ಅವಳನ್ನು ಮೂಲೆಗೆ ಕರೆದುಕೊಂಡು ಹೋದ. “ಅಜ್ಜಿ, ಅಲ್ಲೇ ಹೇಳ್ಬಹುದಿತ್ತಲ್ಲ, ಇವನಲ್ಲ ಅಂತ.”

“ಅಷ್ಟು ಮಕ್ಕಳ ಎದುರಿಗೆ ನಿನ್ನ ಮಾನ ಕಳೆದು ನನಗೇನಾಗ್ಬೇಕಪ್ಪಾ? ನಿನಗೂ ಮನೇಲಿ ಮಕ್ಕಳಿರ್ತಾರೆ.” ಅವಳು ಪೆಟ್ಟಿಗೆಯನ್ನು ಚಾಚಿದಳು. “ಒಣಗಿಸಿದ ಮೀನು, ನಾನೇ ಬಿಸಿಲಿಗೆ ಹಾಕಿದ್ದು. ಅವಳಿಗೆ ಕೊಡು. ಇವತ್ತು ಬಂದಿಲ್ವಾ?”

“ರಜಾ ಹಾಕಿದಾಳೆ,” ಅಂದ ಸೊಂಗಿಲ್.

ಹೇರಿನ್ ರಜೆ ಹಾಕಿರಲಿಲ್ಲ. ಬೇಸಿಗೆಗೆ ಮುಂಚೆ ಅವಳ ಗುತ್ತಿಗೆ ಮುಗಿದಿತ್ತು. ಮುಂದುವರಿಸಬಹುದೇ ಎಂದು ವಿಭಾಗದ ಮುಖ್ಯಸ್ಥರು ಕೇಳಿದಾಗ, “ಹುಡುಗಿ ಒಳ್ಳೆಯವಳೇ ಸರ್, ಆದ್ರೆ ಸೀಟಲ್ಲಿ ಕೂರಲ್ಲ. ಯಾರೋ ಬಂದ್ರು ಅಂತ ಅವರ ಹಿಂದೆ ಹೋಗ್ಬಿಡ್ತಾಳೆ,” ಎಂದಿದ್ದವನು ಅವನೇ.

ಮರುದಿನ ಬೆಳಿಗ್ಗೆ ಅವನು ಮುಖ್ಯಸ್ಥರ ಬಳಿ ಹೋಗಿ ಪ್ರಶಸ್ತಿ ತನ್ನದಲ್ಲವೆಂದ. ಅವರು ಬಾಗಿಲು ಹಾಕಿ ಬಂದರು. “ಫೋಟೊ ಆಗಲೇ ಎಲ್ಲ ಕಡೆ ಹೋಗಿದೆ ಮಾರಾಯ್ರೇ. ಈಗ ವಾಪಸ್ ಅಂದ್ರೆ ನಗೋದು ಕಾಲೇಜನ್ನ ನೋಡಿ. ಸುಮ್ನಿರಿ.”

ಸಂಜೆ ಅವನು ಬಸ್ ನಿಲ್ದಾಣದ ಎದುರಿನ ಬೇಕರಿಗೆ ಹೋದ. ಹೇರಿನ್ ಅಲ್ಲಿ ಕೆಲಸಕ್ಕಿದ್ದಾಳೆಂದು ಮ್ಯೊಂಗ್ ಹೇಳಿದ್ದ. ಅವನನ್ನು ಕಂಡು ಅವಳು ತಲೆ ಬಾಗಿಸಿದಳು. ಅವನು ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟು, ಯಾರು ಕೊಟ್ಟದ್ದೆಂದು ಹೇಳಿದ.

“ಅಯ್ಯೋ, ಆ ಅಜ್ಜಿನಾ? ಅವತ್ತು ಮೊಹರು ಹಾಕಿಸಿ ಅರ್ಜಿ ಕೊಡೋಷ್ಟರಲ್ಲಿ ಹಡಗು ಹೊರಡೋದೇ ಇತ್ತು, ಓಡಿದ್ವಿ ಇಬ್ಬರೂ!” ಅವಳ ಮುಖ ಅರಳಿತು. ಆಮೇಲೆ ಅದೇ ಮುಖ ನಿಧಾನಕ್ಕೆ ಗಂಭೀರವಾಯಿತು. “ಫೋಟೊ ನೋಡಿದೆ ಸರ್. ಚೆನ್ನಾಗಿ ಬಂದಿದೆ.”

“ಅದು ನಿಂದು ಹೇರಿನ್. ಮುಖ್ಯಸ್ಥರಿಗೆ ಹೇಳಿದೆ ನಾನು.”

“ಏನಂದ್ರು?”

“ಸುಮ್ನಿರಿ ಅಂದ್ರು.”

“ಸುಮ್ನಾದ್ರಾ?”

ಅವನು ಪೆಟ್ಟಿಗೆಯನ್ನು ಅವಳ ಕಡೆ ಇನ್ನಷ್ಟು ತಳ್ಳಿದ. ಅವಳ ಕೆಲಸ ಹೋದದ್ದು ತನ್ನ ಮಾತಿನಿಂದ ಎಂದು ಹೇಳಬೇಕೆಂದೇ ಬಂದಿದ್ದ. ಬಾಯಿ ತೆರೆಯುವಷ್ಟರಲ್ಲಿ ಅವಳೇ, “ಸೀಟಲ್ಲಿ ಕೂರಲ್ಲ ಅಂದಿದ್ರಂತೆ. ನಿಜಾನೇ ಬಿಡಿ ಸರ್. ಹಿಂದೆ ಜನ ನಿಂತಿದಾರೆ,” ಅಂದಳು. ಅವನು ಪಕ್ಕಕ್ಕೆ ಸರಿದ. ಸಾಲು ಕರಗಿದಮೇಲೆ ಅವಳು ಒಳಕ್ಕೆ ಹೋದಳು, ಹೊರಗೆ ಬರಲಿಲ್ಲ.

ಸೋಮವಾರ ಸೊಂಗಿಲ್ ಮುಖ್ಯಸ್ಥರನ್ನು ಬಿಟ್ಟು ನೇರ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಹೇರಿನ್ ಬಗ್ಗೆ ತಾನು ಆಡಿದ ಮಾತನ್ನೂ ಬಿಡದೆ ಎಲ್ಲ ಹೇಳಿದ. ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು. ವಾರದೊಳಗೆ ಕಾಲೇಜಿನ ಸೂಚನಾ ಫಲಕದಿಂದ ಅವನ ಫೋಟೊ ಮಾಯವಾಯಿತು. ಆ ಜಾಗಕ್ಕೆ ಯಾರ ಫೋಟೊವೂ ಬರಲಿಲ್ಲ. ಹೇರಿನ್ ಕುರ್ಚಿಗೆ ಬೇರೆಯವರು ಬಂದಾಗಿತ್ತು, ಅವಳನ್ನು ಯಾರೂ ಕರೆಯಲಿಲ್ಲ. ಮ್ಯೊಂಗ್ ಕಿಚಾಯಿಸುವುದನ್ನು ಬಿಟ್ಟ. ಸೊಂಗಿಲನಿಗೆ ಅದು ಕಿಚಾಯಿಸಿದ್ದಕ್ಕಿಂತ ಹೆಚ್ಚು ಚುಚ್ಚಿತು.

ಕೊನೆಗೊಂದು ದಿನ ಅವನು ದ್ವೀಪಕ್ಕೆ ಫೋನ್ ಮಾಡಿದ. “ಅಜ್ಜಿ, ಆ ಹುಡುಗಿ ರಜಾ ಹಾಕಿದಾಳೆ ಅಂದಿದ್ದು ಸುಳ್ಳು. ನನ್ನ ಮಾತಿಂದ ಅವಳ ಕೆಲಸ ಹೋಯ್ತು.”

ಆ ಕಡೆ ಗಾಳಿಯ ಸದ್ದು, ನಾಯಿ ಬೊಗಳುವುದು ಕೇಳಿಸಿತು.

“ಈಗ ಎಲ್ಲಿದಾಳೆ?”

ಅವನು ಬೇಕರಿಯ ಹೆಸರು ಹೇಳಿದ. ಅವಳು ಅದನ್ನು ಒಮ್ಮೆ ಬಾಯಲ್ಲಿ ಹೇಳಿಕೊಂಡಳು. “ಸರಿ, ಊರಿಗೆ ಬಂದಾಗ ನಾನೇ ಹೋಗಿ ನೋಡ್ತೀನಿ,” ಅಂದಳು. ಬೈಗುಳಕ್ಕೆ ಅವನು ಕಾದ. ಅವಳು ಫೋನ್ ಇಟ್ಟುಬಿಟ್ಟಳು.