ಅಣ್ಣನ ಮನೆ ಮುಂದಿನ ತೆಗ್ಗು

ರಸ್ತೆಗೆ ಏನಾಗಿದೆ ಎಂದು ನನ್ನನ್ನು ಕೇಳಿ, ಹೇಳುತ್ತೇನೆ. ಅಂಚು ಮುರಿದಿದ್ದರೆ ಕಬ್ಬಿನ ಟ್ರ್ಯಾಕ್ಟರಿನ ಕೆಲಸ. ಮೊಸಳೆಯ ಬೆನ್ನಿನ ಹಾಗೆ ಬಿರುಕು ಬಿಟ್ಟಿದ್ದರೆ ಕೆಳಗಿನ ಜಲ್ಲಿಯೇ ಸಡಿಲಾಗಿದೆ, ಮೇಲೆ ಎಷ್ಟು ಡಾಂಬರು ಬಳಿದರೂ ಅದು ಹೆಣಕ್ಕೆ ಮಾಡಿದ ಸಿಂಗಾರ. ಒಂದೇ ಜಾಗದಲ್ಲಿ ವರ್ಷಾವರ್ಷ ತೆಗ್ಗು ಬಿದ್ದರೆ ಮಾತ್ರ ಮಳೆಯನ್ನು ಬೈಯಬೇಡಿ. ಮಳೆ ಇಡೀ ಊರಿಗೆ ಬೀಳುತ್ತದೆ. ಅಲ್ಲಿ ಯಾರೋ ನೀರು ಕುಡಿಸುತ್ತಿದ್ದಾರೆ. ಒಂಬತ್ತು ವರ್ಷ ಡಾಂಬರು ಹೊತ್ತವಳು ನಾನು, ಕಸ್ತೂರೆವ್ವ. ಈಗ ನಾಲ್ಕು ಆಳಿನ ಗ್ಯಾಂಗಿಗೆ ಹಿರಿಯಳು.

ಆದರೆ ಬನಹಟ್ಟಿಯ ಒಂದು ತೆಗ್ಗಿನ ಮುಂದೆ ನನ್ನ ಜಾಣತನವೆಲ್ಲ ಮಣ್ಣುಪಾಲಾಗಿತ್ತು. ಹಿಂದಿನ ಎರಡು ವರ್ಷವೂ ಒಂದೊಂದು ಸಲ ಮುಚ್ಚಿದ್ದೆ. ಈ ಸಲ ಪಂಚಮಿಗೆ ಎಂಟು ದಿನ ಇರುವಾಗ ಅದು ಮತ್ತೆ ಬಾಯಿ ತೆರೆದಿತ್ತು. ಅದೂ ಎಲ್ಲಿ? ನನ್ನ ತವರುಮನೆಯ ಬಾಗಿಲ ಎದುರಿಗೇ!

ಮಗ್ಗದ ಬೆಲ್ಟಿಗೆ ಸಿಕ್ಕು ನನ್ನ ಗಂಡನ ಕೈ ತುಂಡಾದ ವರ್ಷ ನಾನು ರಸ್ತೆ ಕೆಲಸಕ್ಕೆ ಸೇರಿದೆ. ಅಣ್ಣ ಮಲ್ಲಿನಾಥ ನನ್ನ ಗಂಡನ ಊರಾದ ರನ್ನ ಬೆಳಗಲಿಗೆ, ನನ್ನ ಮನೆಗೇ ಬಂದು ಕೂಗಾಡಿದ. "ನೇಕಾರರ ಮನಿ ಮಗಳು ಬೀದ್ಯಾಗ ಡಾಂಬರ ಹೊರೂದಂದ್ರ! ಆ ಕರಿ ಕಾಲು ತಗೊಂಡು ನನ್ನ ಹೊಸ್ತಲಾ ತುಳೀಬ್ಯಾಡ."

ಎಲುಬಿಲ್ಲದ ನಾಲಿಗೆ ನನ್ನದು. ಸುಮ್ಮನಿರುತ್ತದೆಯೇ? "ನೀನ ಬಂದು ಕರದ್ರೂ ತುಳಿಯೂದಿಲ್ಲ, ಹೋಗು!" ಎಂದುಬಿಟ್ಟೆ.

ಅವನು ಹೋದ. ಎಂಟು ಪಂಚಮಿ ಕಳೆದವು. ಓಣಿಯ ಹೆಣ್ಣುಮಕ್ಕಳನ್ನೆಲ್ಲ ಅಣ್ಣತಮ್ಮಂದಿರು ಬಂದು ತವರಿಗೆ ಕರೆದುಕೊಂಡು ಹೋಗುವಾಗ ನಾನು ಬಾಗಿಲು ಹಾಕಿಕೊಂಡು ಒಬ್ಬಳೇ ಉಂಡಿ ಕಟ್ಟುತ್ತಿದ್ದೆ. ಹೊರಗೆ ಯಾರ ಚಪ್ಪಲಿ ಸಪ್ಪಳವಾದರೂ ಎದ್ದು ನೋಡುತ್ತಿದ್ದೆ. ಯಾರ ಮುಂದೆ ಹೇಳಲಿ? ಬ್ಯಾಡ ಎಂದವಳು ನಾನೇ.

ಆವತ್ತು ಎಂಜಿನಿಯರ್ ಸಂಧ್ಯಾ ತೆಗ್ಗಿನ ಫೋಟೊ ತೆಗೆದು ನನ್ನ ಕಡೆ ತಿರುಗಿದರು. "ಕಸ್ತೂರೆವ್ವಾ, ಇದು ಮೂರನೇ ಸಲ. ನಿಮ್ಮ ಕೆಲಸಾನ ಬರೋಬ್ಬರಿ ಇಲ್ಲ ಅಂತ ನಾ ಬರೀಬೇಕಾಗ್ತದ."

"ಬರೀರಿ ಮೇಡಂ, ನಿಮ್ಮ ಕೈ ಯಾರು ಹಿಡದಾರ? ಮೊದಲ ಒಂದು ಗೇಣು ತಳಾ ಅಗದು ನೋಡೂಣು, ಆಮ್ಯಾಲ ಬರೀರಿ" ಎಂದೆ.

ಸಿಟ್ಟು ಅವರ ಮೇಲಲ್ಲ. ಅವರು ಹೇಳಿದ್ದು ಖರೆಯೇ ಇತ್ತು. ಎರಡು ಸಲವೂ ನಾನು ಮೇಲಿನ ಸಡಿಲು ಕಲ್ಲನ್ನಷ್ಟೇ ತೆಗೆದು, ಬಾಗಿಲಿಗೆ ಬೆನ್ನು ಮಾಡಿ, ಅವಸರದಲ್ಲಿ ಮುಚ್ಚಿದ್ದೆ. ಬೇರೆ ಯಾವ ರಸ್ತೆಗೂ ಹಾಗೆ ಮೋಸ ಮಾಡಿದವಳಲ್ಲ. ಕಿವಿ ಮಾತ್ರ ಹಿಂದೆಯೇ ಇತ್ತು. ಒಳಗಿನಿಂದ ಯಾರಾದರೂ ಒಮ್ಮೆ "ಕಸ್ತೂರಿ" ಅನ್ನಲಿ ಎಂದು ಜೀವ ಬಾಯಿಬಿಡುತ್ತಿತ್ತು. ಯಾರೂ ಅನ್ನಲಿಲ್ಲ.

ರೋಲರ್ ನಡೆಸುವ ಹಾಲೇಶ ಅಂಚುಗಳನ್ನು ಚೌಕವಾಗಿ ಕಡಿದು, ಗುದ್ದಲಿ ಹಾಕಿದ. ನಾಲ್ಕೇಟಿಗೆ ನಿಂತುಬಿಟ್ಟ. "ಅಕ್ಕಾ, ಇಲ್ನೋಡು ಬಾ. ಜಲ್ಲಿಗಿ ಬಣ್ಣಾ ಹತ್ತೇತಿ!"

ಬಗ್ಗಿ ನೋಡಿದೆ. ಮೇಲಿನ ಜಲ್ಲಿ ಗಿಳಿಹಸಿರು. ಅದರ ಕೆಳಗಿನದು ಕುಂಕುಮದ ಕೆಂಪು. ತೆಗ್ಗಿನ ಮೂಲೆಯಲ್ಲಿ ನಿಂತ ನೀರು ಇನ್ನೂ ಹೊಸದು, ನೇರಳೆ. ಒಂದೊಂದು ವರ್ಷದ ಬಣ್ಣವನ್ನು ನಾನೇ ಡಾಂಬರು ಹಾಕಿ ಮುಚ್ಚುತ್ತ ಬಂದಿದ್ದೆ.

ರೋಗದ ಮೂಲ ಸಿಕ್ಕಿತು. ಮೂರು ವರ್ಷದ ಹಿಂದೆ ಗಟಾರಿನ ಮೇಲೆ ಚಪ್ಪಡಿ ಹಾಸಿದ್ದರು. ಅಲ್ಲಿಗೆ ಹೋಗಬೇಕಾದ ಬಣ್ಣದ ನೀರನ್ನು ಈ ಮನೆಯವರು ಕೊಡಗಟ್ಟಲೆ ನನ್ನ ರಸ್ತೆಗೆ ಸುರಿದಿದ್ದಾರೆ. ನನ್ನ ಪಿತ್ತ ನೆತ್ತಿಗೇರಿತು. ಒಂಬತ್ತು ವರ್ಷ ನೋಡದ ಬಾಗಿಲ ಕಡೆ ತಿರುಗಿ ಕೂಗಿದೆ. "ಯಾರಲೇ ಅದು, ರಸ್ತೆಕ್ಕ ಬಣ್ಣದ ನೀರ ಚೆಲ್ಲವ್ರು? ಹೊರಗ ಬರ್ರಿ!"

ಅಣ್ಣ ಹೊರಗೆ ಬಂದ. ತಲೆ ಪೂರ್ತಿ ಹಣ್ಣಾಗಿತ್ತು. ಎರಡೂ ಕೈ ಮುಂಗೈತನಕ ನೇರಳೆ.

"ನಾನ ಚೆಲ್ಲೀನಿ" ಎಂದ.

"ಯಾಕ? ನಿನ್ನ ಮಗ್ಗಕ್ಕ ಬಣ್ಣ ಹಾಕಿದ ನೂಲು ಪ್ಯಾಟ್ಯಾಗಿಂದ ಬರ್ತೈತಿ. ಮನ್ಯಾಗ ಬಣ್ಣಾ ಕಾಸೂ ಹುಚ್ಚ ಯಾಕ ಹಿಡದೈತಿ ನಿನಗ?"

ಅವನ ಹೆಂಡತಿ, ನನ್ನ ವೈನಿ ಬನಶಂಕರಿ, ಬಾಗಿಲ ಸಂದಿಯಿಂದ ಮಾತಾಡಿದಳು. "ನಿನ್ನ ಸೀರಿಗಿ ಪ್ಯಾಟಿ ನೂಲು ಬ್ಯಾಡಂತವ್ವ ಇವರಿಗಿ. ತಂಗಿಗಿ ಅಂತ ತಾವ ಬಣ್ಣಾ ಹಾಕಿ, ಪಂಚಮಿಗಿ ವರ್ಷಾ ಒಂದ ನೇಯ್ತಾರ. ಎಂಟು ಟ್ರಂಕಿನ್ಯಾಗ ಅದಾವು. ಇದು ಒಂಬತ್ತನೇದು."

"ನೇಯ್ದು ಟ್ರಂಕಿಗಿ ಉಡಸ್ತಾನೇನು? ಕರಿಯಾಕ ಯಾಕ ಬರಲಿಲ್ಲ?" ಎಂದೆ.

"ಬರತಿದ್ರು. ಸೀರಿ ಗಂಟ ಬಗಲಾಗ ಹಿಡಕೊಂಡು ಮಹಾಲಿಂಗಪುರ ಬಸ್ ಸ್ಟ್ಯಾಂಡತನಾ ಬರತಿದ್ರು. ಕರದ್ರೂ ಬರೂದಿಲ್ಲ ಅಂದಾಳ, ಹೆಂಗ ಹೋಗ್ಲಿ ಅಂತ ಅಲ್ಲಿಂದ ಹೊಳ್ಳಿ ಬರತಿದ್ರು."

ಮಹಾಲಿಂಗಪುರದಿಂದ ನಮ್ಮೂರೆಷ್ಟು ದೂರ? ಇನ್ನೊಂದು ಬಸ್ಸು ಹತ್ತಿದ್ದರೆ ಸಾಕಿತ್ತು. ಅವನು ಅಲ್ಲಿ ಕಟ್ಟೆಯ ಮೇಲೆ ಕುಳಿತಾಗ ನಾನು ಇಲ್ಲಿ ಬಾಗಿಲು ನೋಡುತ್ತಿದ್ದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ ಎನಿಸಿತು.

ಆದರೆ ಬಿಸಿ ಡಾಂಬರು ಯಾರ ಅಳುವಿಗೂ ಕಾಯುವುದಿಲ್ಲ. ಬಣ್ಣದ ಜಲ್ಲಿಯನ್ನೆಲ್ಲ ತೆಗೆಸಿದೆ. ಒಣ ಜಲ್ಲಿ ಸುರಿದು ಗಟ್ಟಿಯಾಗುವಂತೆ ದಮ್ಮಸು ಹಾಕಿಸಿ, ತೆಗ್ಗಿನ ಗೋಡೆಗೆ ಡಾಂಬರು ಸವರಿ, ಡಾಂಬರು ಬೆರೆಸಿದ ಮಾಲು ತುಂಬಿ, ಹಾಲೇಶನಿಂದ ನಾಲ್ಕು ಸಲ ರೋಲರ್ ಓಡಿಸಿದೆ. ಗಟಾರಿನ ಒಂದು ಚಪ್ಪಡಿ ಸರಿಸಿ ನೀರಿಗೆ ದಾರಿಯನ್ನೂ ಮಾಡಿದೆ. ಈ ಸಲ ಬಾಗಿಲಿಗೆ ಮುಖ ಮಾಡಿಯೇ ಮಾಡಿದೆ. ಸಂಧ್ಯಾ ಮೇಡಂ ಕಾಲಿನಿಂದ ಒತ್ತಿ ನೋಡಿದರು.

"ಇನ್ನ ಹತ್ತ ವರ್ಷ ಈ ಕಡೆ ಬರೂದ ಬ್ಯಾಡ ನೋಡ್ರಿ" ಎಂದು ನಕ್ಕರು.

ಆ ಮಾತು ಎದೆಗೆ ಚುಚ್ಚಿತು. ಈ ಬಾಗಿಲ ಮುಂದೆ ಬಂದು ನಿಲ್ಲಲು ನನಗಿದ್ದದ್ದು ಆ ತೆಗ್ಗು ಒಂದೇ. ಅದನ್ನೂ ಗಟ್ಟಿಯಾಗಿ ಮುಚ್ಚಿಬಿಟ್ಟೆ. ಅಣ್ಣ ಇನ್ನೂ ಕಂಬದ ಹಾಗೆ ನಿಂತಿದ್ದ, ಬಾ ಎನ್ನಲಿಲ್ಲ. ಬುಟ್ಟಿ ಎತ್ತಿಕೊಂಡು ನಮ್ಮ ಗ್ಯಾಂಗಿನ ಟ್ರ್ಯಾಕ್ಟರಿನ ಕಡೆ ನಡೆದೆ.

"ಕಸ್ತೂರಿ."

ತಿರುಗಲಿಲ್ಲ, ಕಣ್ಣು ತುಂಬಿದ್ದವು.

"ಪಂಚಮಿಗಿ ಬಾರವ್ವ ತಂಗಿ. ಇಲ್ಲಾ ಇವತ್ತ ಬಾ. ಈಗ ಬಾ."

ಬುಟ್ಟಿ ಅಲ್ಲೇ ಇಟ್ಟೆ. ಮೆಟ್ಟಿಲತನಕ ಹೋಗಿ ಚಪ್ಪಲಿ ಬಿಟ್ಟೆ, ಮುಂದೆ ಕಾಲು ಬರಲಿಲ್ಲ. "ಕಾಲಿಗಿ ಡಾಂಬರ ಐತಿ, ಅಣ್ಣಾ."

ಅವನು ತನ್ನ ಎರಡೂ ಕೈ ನನ್ನ ಮುಂದೆ ಚಾಚಿದ. "ಇವು ನೋಡು. ಇವೂ ತೊಳದ್ರ ಹೋಗೂದಿಲ್ಲ. ಬಾ."

ಹೊಸ್ತಿಲು ತುಳಿದೆ. ಐದು ಬೆರಳೂ ಕರ್ರಗೆ ಮೂಡಿದವು. ಸೀಮೆಎಣ್ಣೆ ತಂದು ಒರೆಸುತ್ತೇನೆಂದು ವೈನಿ ಒಳಗೆ ಓಡಿದಳು. ಅಣ್ಣ ಬ್ಯಾಡ ಎಂದ.