ಅರ್ಧ ಲೋಟ ಚಹಾ
ಬಾಗಿಲ ಮೇಲಿನ ಸೀಮೆಸುಣ್ಣದ ಗೀಟು ಅಂಗಳದ ಈಚೆಗೂ ಬೆಳ್ಳಗೆ ಕಾಣುತ್ತಿದೆಯಲ್ಲ, ತಾನೇ ಎಳೆದದ್ದು, ಪೇದೆ ಬಂಡೆಯ ಮೇಲೆ ಕೂತು ಅದನ್ನೇ ನೋಡುತ್ತಾನೆ — ಹುಡುಕಿಯಾಯಿತು, ಯಾರೂ ಇಲ್ಲ ಎಂದು ಅದರರ್ಥ, ಕೆಳಗಿನಿಂದ ಪೊಲೀಸರು, ಮೇಲಿನಿಂದ ಸೈನ್ಯ, ಕಣಿವೆಯಲ್ಲಿ ಅಡಗಿದ ಬಂಡುಕೋರರು ನಡುವೆ ಸಿಕ್ಕಿಬೀಳಬೇಕು, ಒಬ್ಬರು ಗೀಟೆಳೆದ ಮನೆಗೆ ಇನ್ನೊಬ್ಬರು ಬಂದೂಕು ಹಿಡಿದು ನುಗ್ಗಬಾರದು, ನಮ್ಮವರೇ ನಮ್ಮವರನ್ನು ಹೊಡೆದುಹಾಕ್ತೀರಿ ಅಂತ ಸಾಹೇಬರು ಬೆಳಿಗ್ಗೆ ತಲೆ ತಿಂದಿದ್ದರು, ಸರಿಯೇ, ಆದರೆ ಆ ಮನೆಯ ಅಟ್ಟ ಹತ್ತಿ ನೋಡಿದವರು ಯಾರು? ಮಂಡಿ ಹಿಡಿದುಕೊಂಡಿತ್ತು, ಏಣಿ ಕಡಿದಾಗಿತ್ತು, ಒಲೆಯ ಮುಂದೆ ಮುದುಕಿಯೊಬ್ಬಳೇ, ನೆಲದ ಮೇಲೆ ಎರಡು ಲೋಟ. ಒಬ್ಳೇ ಅಂತೀಯ, ಇನ್ನೊಂದು ಯಾರ್ದಜ್ಜಿ? ನಿಂದೇ ಕಣೋ ಮಗಾ, ಕುಡಿ. ಅರ್ಧ ಲೋಟ ಚಹಾ, ಹಬೆ, ಅಂಚಿನಲ್ಲಿ ತುಟಿಯ ಒದ್ದೆ ಗುರುತು — ಕಂಡೂ ಕಾಣದವನಂತೆ ಕುಡಿದ, ತಳ ಕಾಣುವವರೆಗೆ ಕುಡಿದು ಲೋಟ ಬೋರಲು ಹಾಕಿದ, ಹೊರಬಂದು ಗೀಟೆಳೆದ. ತಲೆಯ ಮೇಲೆ ಹಲಗೆ ಕಿರ್ ಎಂದಿತ್ತೇ? ಇಲಿ ಇರಬೇಕು, ಹಳೇ ಮನೆ.

ಏನ್ ಭಾಮೈದಾ, ಆ ಹೊಟ್ಟೆ ಹೊತ್ಕೊಂಡು ಬೆಟ್ಟ ಹತ್ತಿದ್ಯಾ, ನಿಮ್ಮಕ್ಕಂಗೆ ಹೇಳಿದ್ರೆ ನಂಬೋದೇ ಇಲ್ಲ — ಭಾವ, ಅಕ್ಕನ ಗಂಡ, ಸೈನ್ಯದ ತುಕಡಿಯ ಜೊತೆ ಇಳಿದು ಬಂದವನು, ಮುಖವೆಲ್ಲ ಧೂಳು, ನಗು ಮಾತ್ರ ಮದುವೆ ಮನೆಯದೇ. ಆ ಗೀಟು ನಿಂದಾ? ಹಾಗಾದ್ರೆ ಸರಿ, ಒಂದ್ಗಳಿಗೆ ಬೆನ್ನು ನೆಲಕ್ಕೆ ತಾಗಿಸ್ತೀನಿ. ಹೆಲ್ಮೆಟ್ ಕಳಚಿ ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟ, ನಿಲ್ಲಿ ಭಾವ, ಅಟ್ಟ ನೋಡಿಲ್ಲ, ಇಷ್ಟು ಹೇಳಲು ಎಷ್ಟು ಹೊತ್ತು ಬೇಕು, ಹೇಳಿದರೆ ಸೈನ್ಯ ಆ ಮನೆಯನ್ನೇ ಉಡಾಯಿಸುತ್ತದೆ, ಮುದುಕಿಯ ಸಮೇತ, ಅವಳ ಚಹಾ ಇನ್ನೂ ತನ್ನ ಹೊಟ್ಟೆಯಲ್ಲಿದೆ, ಹೇಳದಿದ್ದರೆ ಅಕ್ಕನ ಮುಖ ಹೇಗೆ ನೋಡುವುದು, ಯಾರೂ ಇಲ್ಲದೆಯೂ ಇರಬಹುದಲ್ಲ, ಇಲಿ ಇರಬಹುದಲ್ಲ, ಇಡೀ ಊರಿನಲ್ಲಿ ಒಂದು ನಾಯಿಯೂ ಬೊಗಳುತ್ತಿಲ್ಲ, ಭಾವ ತಲೆ ಬಗ್ಗಿಸುತ್ತಾನೆ, ಬಾಗಿಲು ಅವನನ್ನು ಒಳಗೆ ತೆಗೆದುಕೊಳ್ಳುತ್ತದೆ. ಒಳಗಿನಿಂದ ಭಾವನ ದನಿ, ಒಬ್ಳೇ ಅಂತೀಯ ಅಜ್ಜಿ, ಯಾರೋ ಅರ್ಧ ಕುಡಿದಿಟ್ಟ ಹಾಗಿದೆ, ಇನ್ನೂ ಬಿಸಿ ಇದೆಯಲ್ಲ, ಯಾರ್ದಿದು? ನಿಂದೇ ಕಣೋ ಮಗಾ, ಕುಡಿ. ಪೇದೆ ಏಳುತ್ತಾನೆ, ಬೋರಲು ಹಾಕಿದ್ದೆನಲ್ಲ, ತಳ ಕಾಣುವವರೆಗೆ ಕುಡಿದು ಬೋರಲು ಹಾಕಿದ್ದೆನಲ್ಲ, ಆಮೇಲೆ ಅಟ್ಟದಿಂದ ಇಳಿದು ಕುಡಿದವರು ಯಾರು — ಅರ್ಧ ಲೋಟ, ಹಬೆ, ಅಂಚಿನಲ್ಲಿ ತುಟಿಯ ಒದ್ದೆ ಗುರುತು.