ಹಾಲು ಕರೆದ ಸುಂದರಿ

ಹೆಣಕ್ಕೆ ಹೀಲ್ಸ್ ಯಾಕೆ? ಪೆಟ್ಟಿಗೆ ಮುಚ್ಚಿ ವಿಮಾನಕ್ಕೆ ಏರಿಸಿದ ಮೇಲೆ ಕಾಲನ್ನು ಯಾರು ನೋಡುತ್ತಾರೆ? ಕಾರಿನಲ್ಲೇ ಬಿಟ್ಟರಾಯಿತು. ಬಿಟ್ಟರೆ ಮಗಳು ಕೇಳುತ್ತಾಳೆ. ಕೊಟ್ಟರೆ ಟೋನಿ ನೋಡುತ್ತಾನೆ. ಶವಾಗಾರದ ಹೊರಗೆ ಎಂಜಿನ್ ಆರಿಸದೆ, ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮಾರಿಸ್ ಕುಳಿತೇ ಇದ್ದ. ಚೀಲದಲ್ಲಿದ್ದದ್ದು ಬೆಳ್ಳಿಬಣ್ಣದ ಹೀಲ್ಸ್. ಒಂದರ ಪಟ್ಟಿಗೆ ಕಪ್ಪು ದಾರದ ಹೊಲಿಗೆ. ಬೆಳಿಗ್ಗೆ ನಟಾಶಾಳ ಸೂಟ್‌ಕೇಸಿನಿಂದ ಮಗಳು ಜೆಸಿಕಾ ತೆಗೆದುಕೊಟ್ಟದ್ದು.

"ಎಂತ, ಇಳಿಯುದಿಲ್ವಾ?" ಹೆಂಡತಿ ರೆಜಿನಾ ಕಿಟಕಿ ತಟ್ಟಿದಳು. "ಅವಳಿಗೆ ಹಾಕ್ಲಿಕ್ಕೆ ಎಲ್ಲ ಈಗಲೇ ಕೊಡ್ಬೇಕಂತೆ."

ಉಗಾಂಡದ ನಟಾಶಾ ಗಲ್ಫಿನ ಅಲ್ ರಯ್ಯಾನಿನಲ್ಲಿದ್ದ ಅವರ ಮನೆಯಲ್ಲಿ ಏಳು ವರ್ಷ ಅಡುಗೆ, ಬಟ್ಟೆ, ಜೆಸಿಕಾಳ ಜಡೆ ಎಲ್ಲ ನೋಡಿಕೊಂಡಿದ್ದಳು. ಮೊನ್ನೆ ಇಸ್ತ್ರಿ ಹಾಕುತ್ತಿದ್ದವಳು ಹಾಗೇ ಕುಸಿದಳು. ಮಿದುಳಿನ ರಕ್ತನಾಳ ಒಡೆದಿದೆ ಎಂದರು ಡಾಕ್ಟರು.

ಒಳಗೆ ಅವಳ ಊರಿನ ಕೆಲವು ಹೆಂಗಸರು ಗೋಡೆಗೆ ಒರಗದೆ ನಿಂತಿದ್ದರು. ಪಾಳಿ ಮುಗಿಸಿ ನೇರ ಬಂದದ್ದು. ಮೈಮೇಲೆ ಸೆಕ್ಯುರಿಟಿ ಯೂನಿಫಾರ್ಮ್. ಕಾಗದಪತ್ರಕ್ಕೆ ಓಡಾಡಿದ್ದು ಕರಾವಳಿ ಬಳಗದ ಕಾರ್ಯದರ್ಶಿ ಟೋನಿ.

"ಎಲ್ಲ ಕ್ಲಿಯರ್ ಮಾರಾಯ," ಎಂದ ಅವನು. "ಪ್ರಾರ್ಥನೆ ಆದ ಕೂಡ್ಲೇ ಯಲ್ಲಾ, ಹೊರಡುದೇ, ಕಾರ್ಗೋಗೆ."

*

ಅಡುಗೆಮನೆಯಲ್ಲಿ ನಟಾಶಾ ಜೆಸಿಕಾಳಿಗೆ ಹೇಳುತ್ತಿದ್ದದ್ದು ತನ್ನ ದೇಶದ ಸುಂದರಿ ಸ್ಪರ್ಧೆಯ ಕತೆ. ಅಜ್ಜಿಯ ಕಾಲದಲ್ಲಿ ಗೆದ್ದವಳ ಉಡುಪಿನ ಬಣ್ಣ. ಗುಂಡಿನ ಸದ್ದು ಕೇಳುತ್ತಿದ್ದ ವರ್ಷಗಳಲ್ಲಿ ಸ್ಪರ್ಧೆಯೇ ನಡೆಯದಿದ್ದದ್ದು. ಮತ್ತೆ ಶುರುವಾದಾಗ, ಗೆದ್ದವಳನ್ನು ನೋಡಿ ಇಷ್ಟು ತೆಳ್ಳಗಿನವಳಿಗೆ ಮನೆಯಲ್ಲಿ ಊಟ ಹಾಕುವುದಿಲ್ಲವೇ ಎಂದು ಹಳ್ಳಿಯ ಹೆಂಗಸರು ಮರುಗಿದ್ದು. ಕೊನೆಗೆ ನಟಾಶಾಳದೇ ಸರದಿ: ಸ್ಪರ್ಧಿಗಳನ್ನೆಲ್ಲ ಕ್ಯಾಂಪಿಗೆ ಕರೆದೊಯ್ದು ಗದ್ದೆಯಲ್ಲಿ ದುಡಿಸಿ, ದನದ ಹಾಲು ಕರೆಸಿದ ವರ್ಷ.

"ಹಾಲು ಕರೆದವಳು ಸುಂದರಿಯಾ!" ಮಾರಿಸ್ ನಕ್ಕಿದ್ದ. "ಹಾಗಾದ್ರೆ ಊರಲ್ಲಿ ನನ್ನ ಅಮ್ಮನೇ ವಿಶ್ವಸುಂದರಿ."

"ಬಕೆಟ್ ತುಂಬಿಸಿದ್ದು ನಾನೊಬ್ಬಳೇ ಸರ್," ನಟಾಶಾಳೂ ನಕ್ಕಿದ್ದಳು. "ಆದರೆ ಫೈನಲ್‌ನಲ್ಲಿ ದನ ಇರಲಿಲ್ಲ. ನಾನೂ ಇರಲಿಲ್ಲ."

ಹೋದ ವರ್ಷ ಬಳಗದ ವಾರ್ಷಿಕೋತ್ಸವದ ಸುಂದರಿ ಸ್ಪರ್ಧೆಗೆ ಜೆಸಿಕಾ ಹೆಸರು ಕೊಟ್ಟಳು. ನಟಾಶಾ ಕುಚಲಕ್ಕಿಯ ಚೀಲವನ್ನು ಅವಳ ತಲೆಯ ಮೇಲಿಟ್ಟು ಊಟದ ಮೇಜಿನಿಂದ ಬಾಗಿಲವರೆಗೆ ನಡೆಸಿದಳು.

"ನೆಲ ನೋಡಬೇಡ. ನೆಲ ಎಲ್ಲಿಗೂ ಓಡಿಹೋಗುವುದಿಲ್ಲ."

ಕೊನೆಗೆ ಕ್ಯಾಂಪಿನಲ್ಲಿ ನಡಿಗೆ ಕಲಿಯುವಾಗ ತಾನು ಹಾಕಿದ್ದ ಬೆಳ್ಳಿಬಣ್ಣದ ಹೀಲ್ಸನ್ನೂ ಹಾಕಿಕೊಳ್ಳಲು ಕೊಟ್ಟಳು. ಜೆಸಿಕಾಳ ಕಾಲಿಗೆ ಸರಿಯಾಗಿ ಕೂತವು.

ಜೆಸಿಕಾ ಗೆದ್ದಳು. ವೇದಿಕೆಯ ಮೇಲೆ ಟೋನಿ, "ಯಾರಮ್ಮ ನಿನ್ನ ಕೋಚ್?" ಎಂದು ಮೈಕ್ ಚಾಚಿದ. ಅವಳು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಮಾರಿಸ್ ಮೈಕಿಗೆ ಬಾಗಿದ.

"ಎಲ್ಲ ಯೂಟ್ಯೂಬ್!"

ಸಭೆ ನಕ್ಕಿತು. ಕೆಲಸದವಳು ಕಲಿಸಿದ್ದು ಎಂದಿದ್ದರೆ ಆ ನಗು ಬೇರೆಯಾಗಿರುತ್ತಿತ್ತು ಎಂದು ಅವನಿಗೆ ಅನಿಸಿತ್ತು. ಕೊನೆಯ ಸಾಲಿನಲ್ಲಿ ರೆಜಿನಾಳ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಿದ್ದ ನಟಾಶಾ, ಉಳಿದವರು ನಿಲ್ಲಿಸಿದ ಮೇಲೂ ಚಪ್ಪಾಳೆ ತಟ್ಟುತ್ತಿದ್ದಳು. ಮರುದಿನ ಚಹಾ ಎಂದಿನ ಹಾಗೆಯೇ ಇತ್ತು. ಸ್ಪರ್ಧೆಯ ಕತೆ ಮಾತ್ರ ಆ ಅಡುಗೆಮನೆಯಲ್ಲಿ ಮತ್ತೆ ಕೇಳಲಿಲ್ಲ.

*

ಶವಾಗಾರದಲ್ಲಿ ಜೆಸಿಕಾ ಚೀಲವನ್ನು ಅಪ್ಪನ ಕೈಯಿಂದ ತೆಗೆದುಕೊಂಡು ಹೀಲ್ಸನ್ನು ಹೊರಗೆ ತೆಗೆದಳು.

"ಅರೆ, ನೀನು ಸ್ಟೇಜಲ್ಲಿ ಹಾಕಿದ್ದಲ್ವಾ ಇದು?" ಎಂದ ಟೋನಿ. "ಫೋಟೋ ಇನ್ನೂ ಗ್ರೂಪಲ್ಲಿ ಉಂಟು." ಅವನ ಕಣ್ಣು ಒದ್ದೆಯಾಯಿತು. ಯೂನಿಫಾರ್ಮಿನ ಹೆಂಗಸರ ಕಡೆ ತಿರುಗಿ ಇಂಗ್ಲಿಷಿನಲ್ಲಿ ವಿವರಿಸಿದ: ಗೆದ್ದ ದಿನದ ಶೂಸನ್ನೇ ಈ ಹುಡುಗಿ ಕೊಡುತ್ತಿದ್ದಾಳೆ, ಕೆಲಸದವಳನ್ನು ಈ ಮನೆಯವರು ಸ್ವಂತದವಳ ಹಾಗೆ ನೋಡಿಕೊಂಡಿದ್ದರು.

ಅವರಲ್ಲಿ ಹಿರಿಯಳು ಮುಂದೆ ಬಂದು, ಪಟ್ಟಿಯ ಕಪ್ಪು ಹೊಲಿಗೆಯನ್ನು ಮೊದಲೇ ಬಲ್ಲವಳ ಹಾಗೆ ಹೆಬ್ಬೆರಳಿನಿಂದ ಸವರಿದಳು. ಮಾರಿಸನ ಮುಖ ನೋಡಿದಳು.

"ಡ್ಯಾಡಿ, ಹೇಳಿ," ಎಂದಳು ಜೆಸಿಕಾ.

ರೆಜಿನಾ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಮಾರಿಸ್ ಗಡಿಯಾರ ನೋಡಿಕೊಂಡ.

"ಟೈಮ್ ಆಯ್ತು. ಪ್ರಾರ್ಥನೆ ಶುರು ಮಾಡುವ."

"ಥ್ಯಾಂಕ್ಯೂ ಸರ್," ಎಂದಳು ಹಿರಿಯಳು.

ಹೆಂಗಸರು ತಮ್ಮ ಭಾಷೆಯಲ್ಲಿ ಮೆಲ್ಲಗೆ ಹಾಡತೊಡಗಿದರು. ಜೆಸಿಕಾ ಹೀಲ್ಸನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯ ಮೇಲೆ ಅಕ್ಕಿಚೀಲ ಇದ್ದವಳ ಹಾಗೆ, ನೆಲ ನೋಡದೆ ಪೆಟ್ಟಿಗೆಯವರೆಗೆ ನಡೆದಳು. ನಟಾಶಾಳ ಕಾಲಿಗೆ ತಾನೇ ತೊಡಿಸಿದಳು. ಪಟ್ಟಿ ಬಿಗಿದಳು. ಮುಚ್ಚಳ ಬಂತು.

ಆ ಹೀಲ್ಸ್ ಮೊದಲಿನಿಂದಲೂ ನಟಾಶಾಳವೇ, ಮಗಳಿಗೆ ನಡೆಯಲು ಕಲಿಸಿದ್ದೂ ಅವಳೇ ಎಂದು ಮಾರಿಸ್ ಹೇಳಲಿಲ್ಲ.